ಒಣ ರೊಟ್ಟಿ ಯಾಕೆ ಅಂತಾಳೆ ಸೊಸೆ

ಪ್ರಶ್ನೆ: ಅಕ್ಕಾ, ಕೊರೊನಾ ಹೊತ್ತಿನಲ್ಲಿ ಯಾವುದರ ಬೆಲೆ ನಿಮಗೆ ಗೊತ್ತಾಯಿತು? ನಾನು ಕಡಕ್ ರೊಟ್ಟಿ ಅಂದೆ, ಸೊಸೆ ನಕ್ಕಳು.
– ಓದುಗರೊಬ್ಬರು, ವಿಜಯಪುರ

ಉತ್ತರ: ನಗಲಿ ಬಿಡಿ, ನಾನೂ ನಿಮ್ಮ ಕಡೆಗೇ! 2020ರ ಮಾರ್ಚ್ 25ರಿಂದ 21 ದಿನ ಇಡೀ ದೇಶ ಬಾಗಿಲು ಹಾಕಿಕೊಂಡಾಗ ಡಬ್ಬಿ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದಿಷ್ಟು ಗಟ್ಟಿ ಮೊಸರು ಇದ್ದ ಮನೆಯವರಿಗೆ ಊಟದ ಚಿಂತೆ ಅಷ್ಟಾಗಿ ಇರಲಿಲ್ಲ, ಅಲ್ವಾ? ತೆಳ್ಳಗೆ ಬಡಿದು, ಹಂಚಿನ ಮೇಲೆ ಬಟ್ಟೆಯಿಂದ ಒತ್ತಿ ಒತ್ತಿ ಬೇಯಿಸಿ, ನೀರಿನಂಶ ಹೋಗುವ ತನಕ ಒಣಗಿಸಿರುತ್ತಾರೆ. ಹಾಗಾಗಿ ಬೂಷ್ಟು ಬೇಗ ಹಿಡಿಯುವುದಿಲ್ಲ. ವಾರಗಟ್ಟಲೆ ಇಟ್ಟರೂ ಮುರಿದರೆ ಚಟ್ ಅನ್ನಬೇಕು. ಮಳೆಗಾಲದಲ್ಲಿ ಮಾತ್ರ ಮುಚ್ಚಳ ಬಿಗಿಯಾಗಿರಲಿ. ಬೆಳಿಗ್ಗೆ ಗೋಳಗುಮ್ಮಟದ ಕಡೆ ಅಡ್ಡಾಡುವುದು ನನ್ನ ಎರಡನೇ ಉತ್ತರ. ಸೊಸೆಗೆ ಬ್ರೆಡ್ಡೂ ತಂದುಕೊಡಿ, ಸುಮ್ನೆ ಜಗಳ ಯಾಕೆ?