ಸಂಪಾದಕರ ಉತ್ತರ: ದಿಲ್ಲಿಯಲ್ಲಿ ಕೂತವರ ಕೆಲಸ

ಹೋದ ಸಂಚಿಕೆಯ ನೌಕಾ ದಿನದ ಬರಹ ಓದಿ ಶಿವಮೊಗ್ಗದ ಓದುಗರೊಬ್ಬರು ಸ್ವಲ್ಪ ಸಿಟ್ಟಿನಲ್ಲೇ ಪತ್ರ ಬರೆದಿದ್ದಾರೆ. 1971ರ ಪಾಕಿಸ್ತಾನ ಯುದ್ಧದಲ್ಲಿ ಕರಾಚಿಗೆ ಹೋಗಿ ಹೊಡೆದು ಬಂದವರು ದೋಣಿಯಲ್ಲಿದ್ದ ಹುಡುಗರು, ದಿಲ್ಲಿಯಲ್ಲಿ ಕೂತಿದ್ದ ಆಗಿನ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಎಸ್.ಎಂ. ನಂದಾ ಅವರನ್ನು ಯಾಕೆ ಇಷ್ಟು ಹೊಗಳುತ್ತೀರಿ ಅನ್ನುವುದು ಅವರ ಮೊದಲ ತಕರಾರು. ನಂದಾ ಬೆಳೆದದ್ದು ಕರಾಚಿಯಲ್ಲೇ, ಬೆಳೆದ ಊರಿಗೇ ಬೆಂಕಿ ಹಚ್ಚುವ ಮನಸ್ಸು ಎಂಥದು ಅಂತಲೂ ಕೇಳಿದ್ದಾರೆ. ಕೊನೆಗೆ, 'ಮೈಸೂರು' ಅನ್ನುವ ಹಡಗು ಆ ದಾಳಿಯಲ್ಲಿತ್ತೇ ಎಂಬ ಪ್ರಶ್ನೆ.

ಮಾನ್ಯರೇ, ಹುಡುಗರ ಧೈರ್ಯದ ಬಗ್ಗೆ ನಮ್ಮಲ್ಲಿ ಎರಡು ಮಾತಿಲ್ಲ. ಆದರೆ ಆ ದೋಣಿಗಳ ಕಥೆ ಸ್ವಲ್ಪ ಕೇಳಿ. ಸೋವಿಯತ್ ದೇಶದಿಂದ ಬಂದ ಆ ಎಂಟು ಕ್ಷಿಪಣಿ ದೋಣಿಗಳು ಬಂದರು ಕಾಯಲು ಮಾಡಿದವು. ವೇಗ ಜಾಸ್ತಿ, ಇಂಧನ ಕಡಿಮೆ. ದೂರ ಹೋಗಿ ಹೊಡೆದು ಬರುವ ಜಾತಿಯೇ ಅಲ್ಲ. ಇನ್ನೊಂದು ತಮಾಷೆ ಅಂದರೆ, ಅಷ್ಟು ಭಾರ ಇಳಿಸುವ ಕ್ರೇನ್ ಬೊಂಬಾಯಿಯಲ್ಲಿ ಇರಲಿಲ್ಲ. ಅವನ್ನು ಕಲ್ಕತ್ತದಲ್ಲಿ ಇಳಿಸಿ, ಬೇರೆ ಹಡಗುಗಳಿಗೆ ಕಟ್ಟಿ ಬೊಂಬಾಯಿಗೆ ಎಳೆದು ತಂದರು. ಇಷ್ಟು ದೂರ ಎಳೆದು ತರಬಹುದಾದರೆ ಕರಾಚಿಯ ದಿಕ್ಕಿಗೂ ಎಳೆದೊಯ್ಯಬಹುದಲ್ಲ? ಕಾವಲಿನ ದೋಣಿಯನ್ನು ದಾಳಿಗೆ ಬಿಡುವ ಆ ಯೋಚನೆಯ ಹೊಣೆ ಹೊತ್ತವರು ನಂದಾ. ಕೆಟ್ಟಿದ್ದರೆ ಬೈಗುಳವೂ ಅವರಿಗೇ.

1965ರ ನೋವೂ ಹಿಂದೆ ಇತ್ತು. ಆಗ ಪೋರಬಂದರಿನಿಂದ ಮೇಲಕ್ಕೆ ಹೋಗಬೇಡಿ ಅಂತ ನೌಕಾಪಡೆಯನ್ನು ಕಟ್ಟಿಹಾಕಿದ್ದರು. ಪಾಕಿಸ್ತಾನದ ಹಡಗುಗಳು ದ್ವಾರಕೆಗೆ ಗುಂಡು ಹಾರಿಸಿ ಹೋದವು, ನಮ್ಮವರು ಸುಮ್ಮನೆ ನೋಡಬೇಕಾಯಿತು. ಅದಕ್ಕೇ ನಂದಾ 1971ರಲ್ಲಿ ಯುದ್ಧಕ್ಕೆ ಮೊದಲೇ ಇಂದಿರಾ ಗಾಂಧಿಯವರ ಹತ್ತಿರ ಹೋಗಿ ನೇರವಾಗಿ ಕೇಳಿದರು: ಕರಾಚಿಯ ಮೇಲೆ ದಾಳಿ ಮಾಡಿದರೆ ಸರ್ಕಾರಕ್ಕೆ ತೊಂದರೆಯೇ? ಯುದ್ಧ ಅಂದಮೇಲೆ ಯುದ್ಧವೇ ಎಂಬರ್ಥದ ಉತ್ತರ ಬಂತು. ನನ್ನ ಲೆಕ್ಕದಲ್ಲಿ ಕರಾಚಿಯ ದಾಳಿ ಅರ್ಧ ಗೆದ್ದದ್ದು ಅಲ್ಲೇ.

ಉಳಿದದ್ದು ನಿಮಗೆ ಗೊತ್ತೇ ಇದೆ. ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ದೋಣಿಗಳು ಪಾಕಿಸ್ತಾನದ 'ಖೈಬರ್', 'ಮುಹಾಫಿಜ್' ಹಡಗುಗಳನ್ನು ಮುಳುಗಿಸಿದವು. ದೋಣಿಯವರು ರೇಡಿಯೋದಲ್ಲಿ ರಷ್ಯನ್ ಮಾತಾಡುತ್ತಿದ್ದರಂತೆ, ಕದ್ದು ಕೇಳುವವರಿಗೆ ತಲೆಬುಡ ತಿಳಿಯದಿರಲಿ ಅಂತ. ನಾಲ್ಕು ದಿನ ಬಿಟ್ಟು 'ವಿನಾಶ್' ಎಂಬ ಇನ್ನೊಂದು ದೋಣಿ ಹೋಗಿ ಕರಾಚಿ ಬಂದರಿನ ಕೀಮಾರಿಯ ತೈಲ ಟ್ಯಾಂಕುಗಳಿಗೆ ಹೊಡೆಯಿತು.

ಇನ್ನು ಬೆಳೆದ ಊರಿನ ಮಾತು. 1915ರಲ್ಲಿ ಹುಟ್ಟಿದ ನಂದಾ ಬೆಳೆದದ್ದು ಕರಾಚಿ ಬಂದರಿನ ಬಾಯಲ್ಲಿರುವ ಮನೋರಾದಲ್ಲಿ. 1941ರಲ್ಲಿ ನೌಕಾಪಡೆ ಸೇರುವ ಮೊದಲು ಅದೇ ಬಂದರಿನಲ್ಲಿ ಕೆಲಸ ಮಾಡಿದವರು. ತೈಲ ಎಲ್ಲಿ ಇಡುತ್ತಾರೆ, ಹಡಗು ಎಲ್ಲಿ ನಿಲ್ಲುತ್ತದೆ ಅಂತ ಅವರಿಗೆ ನಕ್ಷೆ ತೋರಿಸಿ ಹೇಳಬೇಕಿರಲಿಲ್ಲ ಅಲ್ವಾ? ಅವರಿಗೆ ಒಳಗೊಳಗೇ ಏನನಿಸಿತೋ, ಅದನ್ನು ನಾನು ಊಹಿಸಿ ಬರೆಯಲಾರೆ. ಹೊಡೆದದ್ದು ಬಂದರಿಗೆ, ಬಜಾರಿಗಲ್ಲ ಅನ್ನುವಷ್ಟನ್ನು ಹೇಳಬಲ್ಲೆ.

ನಿಮ್ಮ ಸಿಟ್ಟಿಗೆ ನಿಜವಾಗಿ ಜಾಗ ಇರುವುದು ಬೇರೆ ಕಡೆ. ಡಿಸೆಂಬರ್ 9ರಂದು ದಿಯು ಬಳಿ ನಮ್ಮ ಯುದ್ಧನೌಕೆ 'ಖುಕ್ರಿ'ಯನ್ನು ಪಾಕಿಸ್ತಾನದ ಜಲಾಂತರ್ಗಾಮಿ 'ಹಂಗೋರ್' ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಅದರ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಇಳಿಯಲಿಲ್ಲ. ಗೆಲುವನ್ನು ಮುಖ್ಯಸ್ಥರ ಖಾತೆಗೆ ಹಾಕಿದ ನಾವು ಈ ಸಾವುಗಳ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಅದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇವೆ.

ಕೊನೆಗೆ 'ಮೈಸೂರು'. ಕರಾಚಿಗೆ ಹೊಡೆದದ್ದು ಅದಲ್ಲ. ಆದರೆ ಆಗ ಪಶ್ಚಿಮದ ಹಡಗುಪಡೆಯ ಮುಖ್ಯ ಹಡಗು ಅದೇ. ಬ್ರಿಟನ್ನಿನಿಂದ ಕೊಂಡ ಆ ಹಡಗು 1957ರಲ್ಲಿ ನಮ್ಮ ಸೇವೆಗೆ ಸೇರಿದಾಗ ಮೊದಲ ಕ್ಯಾಪ್ಟನ್ ಆಗಿದ್ದವರು ಇದೇ ನಂದಾ. ಅದರ ಲಾಂಛನ ನಮ್ಮ ಗಂಡಭೇರುಂಡ. ಆ ಹಡಗು 1985ರಲ್ಲಿ ನಿವೃತ್ತಿಯಾಯಿತು, ಅದೇ ಹೆಸರಿನ ಇನ್ನೊಂದು 1999ರಲ್ಲಿ ಸೇವೆಗೆ ಸೇರಿತು. ಗಂಡಭೇರುಂಡ ಅದರ ಮೇಲೂ ಇದೆ.