ಬಂಡೆ ಗುಡ್ಡದ ಮೇಲೆ ಟವರ್ ಫೌಂಡೇಶನ್ ಹಾಕುವಾಗ ಏನೇನು ನೋಡಿಕೊಳ್ಳಬೇಕು?

ಮಧುಗಿರಿ ಕಡೆ ಗುಡ್ಡದ ಮೇಲೆ 220 ಕೆವಿ ವಿದ್ಯುತ್ ಮಾರ್ಗದ ಟವರ್‌ಗಳ ಫೌಂಡೇಶನ್ ಕೆಲಸ ಹಿಡಿದಿದ್ದೀರಿ, ಇಲ್ಲಿಯವರೆಗೆ ಮಾಡಿದ್ದೆಲ್ಲ ಬಯಲಲ್ಲಿ. 'ಬಂಡೆ ಸಿಕ್ಕರೆ ಗುಂಡಿ ಕಮ್ಮಿ, ಕೆಲಸ ಬೇಗ' ಅನ್ನುವುದು ನಿಜವೇ ಅಂತ ಕೇಳಿದ್ದೀರಿ. ಗುಂಡಿ ಕಮ್ಮಿ, ನಿಜ. ಬೇಗ ಅನ್ನುವುದನ್ನು ನಾನು ಒಪ್ಪಲ್ಲ.

ಟವರ್ ಭಾರಕ್ಕೆ ಕುಸಿಯುವುದು ಅಪರೂಪ. ಗಾಳಿಗೆ, ತಂತಿಯ ಎಳೆತಕ್ಕೆ ಒಂದು ಪಕ್ಕದ ಕಾಲು ಮೇಲಕ್ಕೆ ಕಿತ್ತು ಬರುವುದೇ ಅಪಾಯ. ಬಯಲಲ್ಲಿ ಪ್ಯಾಡಿನ (ಕಾಲಿನ ಬುಡದ ಅಗಲ ಕಾಂಕ್ರೀಟ್) ಮೇಲೆ ತುಂಬಿದ ಮಣ್ಣು ಅದನ್ನು ಅದುಮಿ ಹಿಡಿಯುತ್ತದೆ. ಗಟ್ಟಿ ಬಂಡೆಯಲ್ಲಿ ಆ ಮಣ್ಣಿಲ್ಲ, ಕಾಲನ್ನು ಹಿಡಿಯುವುದು ಬಂಡೆಯಲ್ಲಿ ಕುಳಿ ಕೊರೆದು ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬಿ ಕೂರಿಸಿದ ಆಂಕರ್ ಸರಳುಗಳು. ಹಾಗಾಗಿ ಮೊದಲು ಖಾತ್ರಿ ಮಾಡಿಕೊಳ್ಳಬೇಕಾದ್ದು, ಆ ಬಂಡೆ ಗುಡ್ಡಕ್ಕೆ ಅಂಟಿಕೊಂಡಿದೆಯೋ ಇಲ್ಲವೋ.

ನಮ್ಮ ತುಮಕೂರು ಜಿಲ್ಲೆಯ ಗ್ರಾನೈಟ್ ಗುಡ್ಡಗಳಲ್ಲಿ ಇಲ್ಲೇ ಮೋಸ ಹೋಗುವುದು. ಮನೆಯಷ್ಟು ದೊಡ್ಡ ಗುಂಡು ಅರ್ಧ ಹೂತುಕೊಂಡು ಹಾಸುಬಂಡೆಯ ಹಾಗೇ ಕಾಣುತ್ತದೆ. ಸುತ್ತಿಗೆಯಲ್ಲಿ ಬಡಿದು ಸದ್ದು ಕೇಳಿ ತೀರ್ಮಾನಿಸಬೇಡಿ. ಪ್ರತಿ ಕಾಲಿನ ಜಾಗದಲ್ಲೂ ಜಾಕ್ ಹ್ಯಾಮರ್‌ನಿಂದ ಒಂದು ಕುಳಿಯನ್ನು ಆಂಕರ್ ಆಳಕ್ಕಿಂತ ಒಂದು ಮೀಟರ್ ಹೆಚ್ಚಿಗೆ ಹೊಡೆಸಿ, ಬರುವ ಪುಡಿ ನೋಡುತ್ತಿರಿ. ಬೂದು ಬಿಳುಪಿನ ಪುಡಿ ಬರುತ್ತಿದ್ದದ್ದು ಕೆಂಚಗಾದರೆ, ಅಥವಾ ರಾಡ್ ತಟಕ್ಕನೆ ಒಳಗಿಳಿದರೆ, ಗುಂಡು ದಾಟಿ ಗರಸಿಗೋ ಸಂದಿಗೋ ಬಂದಿದ್ದೀರಿ. ಇಳಿಜಾರಿಗೆ ಸಮವಾಗಿ ಪದರ ಬಿಟ್ಟ ಬಂಡೆಯೂ ಉಂಟು. ಸರಳು ಮೇಲಿನ ಪದರದಲ್ಲೇ ನಿಂತರೆ ಆ ಪದರದ ಸಮೇತ ಎದ್ದು ಬರುತ್ತದೆ. ಒಂದೇ ಟವರಿನ ನಾಲ್ಕು ಕಾಲಿಗೆ ಎರಡು ಮೂರು ಥರದ ನೆಲ ಸಿಗುವುದು ಮಾಮೂಲು. ಕಾಲಿಗೊಂದು ವರ್ಗೀಕರಣ ಬೇಕು, ಡ್ರಾಯಿಂಗ್ ಬದಲಿಸಿಕೊಳ್ಳಿ.

ಆಂಕರ್‌ಗೆ ಸಾಮಾನ್ಯವಾಗಿ 20-25 ಮಿ.ಮೀ. ಸರಳಿಗೆ 45-50 ಮಿ.ಮೀ. ಕುಳಿ. ಕಂಪ್ರೆಸರ್ ಗಾಳಿ ಬಿಟ್ಟು ಪುಡಿ ಪೂರ್ತಿ ಊದಿಸಿ, ಗೋಡೆ ಒದ್ದೆ ಮಾಡಿ, ನಿಂತ ನೀರು ತೆಗೆದು, ಮೊದಲು ಗ್ರೌಟ್ ತುಂಬಿ ಆಮೇಲೆ ಸರಳು ಇಳಿಸಿ. ಸರಳು ಇಟ್ಟು ಮೇಲಿನಿಂದ ಗಾರೆ ಸುರಿದರೆ ಕೆಳಗೆ ಪೊಳ್ಳು ಉಳಿಯುತ್ತದೆ. ಗುಂಡಿ ತೆಗೆಯಲು ಸಿಡಿಮದ್ದು ಬೇಡ ಅನ್ನುತ್ತೇನೆ, ಸರಳು ಹಿಡಿಯಬೇಕಾದ ಬಂಡೆಯೇ ಬಿರುಕು ಬಿಡುತ್ತದೆ. ಬೆಣೆ ಹೊಡೆದು ಸೀಳಿಸಿ. ಗುಂಡಿ ಅಳತೆ ಮೀರಿದರೆ ಆ ಜಾಗಕ್ಕೆ ಕಾಂಕ್ರೀಟೇ ತುಂಬಬೇಕು, ಮಣ್ಣಲ್ಲ.

ಇಳಿಜಾರನ್ನು ಕಡಿದು ಮಟ್ಟ ಮಾಡುವ ಬದಲು ಕಣಿವೆ ಬದಿಗೆ ಉದ್ದದ ಲೆಗ್ ಎಕ್ಸ್‌ಟೆನ್ಶನ್ (ಟವರ್ ಕಾಲಿಗೆ ಸೇರಿಸುವ ಹೆಚ್ಚುವರಿ ತುಂಡು) ಕೇಳಿ. ಲೆಗ್ ಉದ್ದವಾದಷ್ಟೂ ಕಾಲು ಹೊರಕ್ಕೆ ಹರಡುತ್ತದೆ, ನಾಲ್ಕು ಸ್ಟಬ್ (ಕಾಂಕ್ರೀಟ್‌ನಲ್ಲಿ ಹೂಳುವ ಕಾಲಿನ ಬುಡದ ಉಕ್ಕು) ಚೌಕಕ್ಕೆ ಕೂರುವುದಿಲ್ಲ. ನಾಲ್ಕು ಸ್ಟಬ್ ಒಟ್ಟಿಗೆ ಹಿಡಿಯುವ ನಿಮ್ಮ ಬಯಲಿನ ಟೆಂಪ್ಲೇಟ್ (ಚೌಕಟ್ಟು) ಇಲ್ಲಿ ಕೆಲಸಕ್ಕೆ ಬಾರದು. ಒಂದೊಂದು ಸ್ಟಬ್‌ಗೂ ಬೇರೆ ಆಧಾರ ಕೊಟ್ಟು, ಸೆಂಟರ್ ಪೆಗ್‌ನಿಂದ (ಟವರ್ ನಡುವಿನ ಗೂಟದಿಂದ) ಅದರ ಕರ್ಣದ ಅರ್ಧ, ಮಟ್ಟ, ಓರೆ ಮೂರನ್ನೂ ಟೋಟಲ್ ಸ್ಟೇಷನ್‌ನಲ್ಲಿ (ಸರ್ವೆ ಯಂತ್ರ) ಹಿಡಿಯಿರಿ. ಕಾಂಕ್ರೀಟ್ ಹಸಿ ಇರುವಾಗಲೇ ಇನ್ನೊಮ್ಮೆ ಅಳೆಯಿರಿ, ವೈಬ್ರೇಟರ್ ತಗುಲಿದರೂ ಸ್ಟಬ್ ಸರಿಯುತ್ತದೆ. ಆಮೇಲೆ ಬೋಲ್ಟಿನ ತೂತು ಕೂಡದಿದ್ದರೆ ಎರೆಕ್ಷನ್ ಗ್ಯಾಂಗ್‌ನವರು ತೂತು ಅಗಲಿಸುತ್ತಾರೆ, ಕಲಾಯಿ ಹೋಗಿ ತುಕ್ಕು ಶುರು.

ಸಾಗಣೆಯನ್ನು ರೇಟಿನಲ್ಲಿ ಸೇರಿಸಿದ್ದೀರಾ? ಒಂದು ಘನ ಮೀಟರ್ ಎಂ-20 ದರ್ಜೆಯ ಕಾಂಕ್ರೀಟ್‌ಗೆ ಸುಮಾರು 8 ಚೀಲ ಸಿಮೆಂಟ್, ಮರಳು, ಜಲ್ಲಿ, ನೀರು ಸೇರಿ ಹತ್ತಿರ ಹತ್ತಿರ ಎರಡೂವರೆ ಟನ್. ತಲೆಹೊರೆ 25 ಕೆಜಿ ಅಂದರೆ ನೂರು ಸಲ ಹತ್ತಬೇಕು. ಒಂದು ಕಾಲಿನ ಸಾಮಾನು ಪೂರ್ತಿ ಮೇಲೆ ಬಂದ ಮೇಲೆಯೇ ಕಲಸಲು ಶುರು ಮಾಡಿ, ಚಿಮಣಿಯ (ಸ್ಟಬ್ ಸುತ್ತಿನ ಕಾಂಕ್ರೀಟ್ ಕಂಬ) ನಡುವೆ ಕೆಲಸ ನಿಲ್ಲಿಸುವಂತಿಲ್ಲ. ನೀರು ಚೀಲಕ್ಕೆ 30 ಲೀಟರ್ ಮೀರಬಾರದು. ಮೇಲೆ ನೀರು ದುಬಾರಿಯಾದ್ದರಿಂದ ಕ್ಯೂರಿಂಗ್‌ನಲ್ಲೇ ಕಳ್ಳತನ ನಡೆಯುವುದು; ಗೋಣಿತಾಟು ಸುತ್ತಿ 14 ದಿನ ಒದ್ದೆ ಇಡಿಸಿ. ಬಂಡೆ ಸಂದಿಗಳಲ್ಲಿ ಕರಡಿ ಇರುವ ಕಡೆ ಸಂಜೆಗೆ ಮುಂಚೆ ಆಳುಗಳನ್ನು ಇಳಿಸಿಬಿಡಿ.

ಅಗೆದ ಮಣ್ಣು ಕೆಳಗಿನ ಕಾಲಿನ ಮೇಲೆ ಜಾರದಿರಲಿ. ಕೋಪಿಂಗ್ (ಚಿಮಣಿಯ ಮೇಲ್ತುದಿ) ಮಣ್ಣಲ್ಲಿ ಮುಚ್ಚಿದರೆ ಉಕ್ಕು ಅಲ್ಲೇ ತುಕ್ಕು ಹಿಡಿಯುತ್ತದೆ. ಮೇಲ್ಬದಿಗೆ ಒಂದು ಕಾಲುವೆ, ಮಣ್ಣಿನ ಇಳಿಜಾರಾದರೆ ಕೆಳಬದಿಗೆ ನೀರು ಬಸಿಯುವ ತೂತುಗಳಿರುವ ಕಲ್ಲಿನ ತಡೆಗೋಡೆ. ಬಂಡೆಯಲ್ಲಿ ಪೈಪ್ ಅರ್ಥಿಂಗ್‌ನಿಂದ ನೆಲದ ತಡೆಯನ್ನು 10 ಓಮ್‌ಗೆ ಇಳಿಸುವುದು ಕಷ್ಟ, ಮಣ್ಣು ಸಿಗುವ ಕಡೆಗೆ ಜಿಐ (ಕಲಾಯಿ ಮಾಡಿದ ಕಬ್ಬಿಣ) ತಂತಿ ಎಳೆದು ಕೌಂಟರ್‌ಪಾಯ್ಸ್ (ನೆಲದಲ್ಲಿ ಹೂಳುವ ಉದ್ದ ಅರ್ಥಿಂಗ್ ತಂತಿ) ಹಾಕಬೇಕಾಗುತ್ತದೆ.

ಬಿಲ್ಲಿನ ವಿಷಯ: ಪ್ರತಿ ಗುಂಡಿಯನ್ನೂ ಕಾಂಕ್ರೀಟ್‌ಗೆ ಮುಂಚೆ ಇಂಜಿನಿಯರ್ ಜೊತೆ ಅಳೆದು, ಟೇಪ್ ಹಿಡಿದು ಫೋಟೊ ತೆಗೆದು, ಯಾವ ಕಾಲು ಗಟ್ಟಿ ಬಂಡೆ, ಯಾವುದು ಸೀಳು ಬಂಡೆ ಅಂತ ಬರೆದು ಸಹಿ ಹಾಕಿಸಿಕೊಳ್ಳಿ. ಮುಚ್ಚಿದ ಮೇಲೆ ಯಾರೂ ಗಟ್ಟಿ ಬಂಡೆಯ ರೇಟು ಕೊಡುವುದಿಲ್ಲ.