ಹೆಣ್ಣಾಳ್ವಿಕೆ ಬಗ್ಗೆ ನಿಮ್ಮ ಲೇಖನ: ಹೀಗೇ ಹಾಕೋಕಾಗಲ್ಲ, ತಿದ್ದಿ ಕಳ್ಸಿ

ನಮಸ್ಕಾರ. 'ಹೆಣ್ಣೇ ದೊರೆಯಾದ ನಾಡುಗಳು' ಅಂತ ನೀವು ಕಳ್ಸಿದ್ದನ್ನ ಪೂರ್ತಿ ಓದ್ದೆ. ಭಾಷೆ ಚೆನ್ನಾಗಿದೆ, ಓದಿಸ್ಕೊಂಡು ಹೋಗುತ್ತೆ, ಆದ್ರೆ ಆಸ್ತಿ ಮಗಳಿಗೆ ಹೋಗುತ್ತೆ ಅಂತ ಗೊತ್ತಾದ ಕಡೆಯೆಲ್ಲಾ ಹೆಣ್ಣಿಂದೇ ರಾಜ್ಯಭಾರ ಅಂತ ಬರೆದುಬಿಟ್ಟಿದೀರ, ತೊಂದ್ರೆ ಇರೋದೇ ಅಲ್ಲಿ.

ಖಾಸಿ ಜನರ ಭಾಗ ತಗೊಳಿ. 'ಮೇಘಾಲಯದಲ್ಲಿ ಗಂಡಸರ ಮಾತು ನಡೆಯೋದೇ ಇಲ್ಲ' ಅಂತೀರ. ಮಕ್ಕಳಿಗೆ ತಾಯಿ ಕುಲದ ಹೆಸರು ಬರೋದು ನಿಜ, ಪಿತ್ರಾರ್ಜಿತ ಮನೆ ಕಿರೀಮಗಳಿಗೆ ಹೋಗೋದೂ ನಿಜ, ಆದ್ರೆ ಆ ಮನೆನ ಅವಳು ಮನಸ್ಸಿಗೆ ಬಂದಂಗೆ ಮಾರೋ ಹಾಗಿಲ್ಲ, ವಯಸ್ಸಾದ ಅಪ್ಪ ಅಮ್ಮನ್ನ ನೋಡ್ಕೋಬೇಕು, ದೊಡ್ಡ ತೀರ್ಮಾನ ಅಂದ್ರೆ ಸೋದರಮಾವನ್ನ ಕೇಳ್ಲೇಬೇಕು. ಊರಿನ ದರ್ಬಾರಲ್ಲಿ, ಅಂದ್ರೆ ಊರಿನ ಪಂಚಾಯ್ತಿ ಸಭೇಲಿ, ಹಿಂದಿನ ಕಾಲದಿಂದ ಕೂರ್ತಿದ್ದೋರು ಗಂಡಸರೇ. 60 ಸೀಟಿನ ಅಲ್ಲಿನ ವಿಧಾನಸಭೆಗೆ 2023ರ ಎಲೆಕ್ಷನ್ನಲ್ಲಿ ಗೆದ್ದ ಹೆಂಗಸರು 3 ಜನ. ಬೀಗದ ಕೈ ಅವಳ ಸೊಂಟದಲ್ಲಿದೆ ಸರಿ, ಕಟ್ಟೆ ಮೇಲೆ ಕೂತಿರೋರ್ಯಾರು ಅಂತ ನೀವು ಕೇಳ್ಲೇ ಇಲ್ಲ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಮಿನಾಂಗ್‌ಕಬೌ ಜನರಿಗೂ ಇದೇ ಮಾತು, ಗದ್ದೆ ತಾಯಿಯಿಂದ ಮಗಳಿಗೆ, ಕುಲದ ಯಜಮಾನಿಕೆ ಮಾತ್ರ ಗಂಡಸಿಗೆ.

ನಿಜವಾದ ಸರಕು ನಿಮ್ಮತ್ರಾನೇ ಇದೆ, ಅದನ್ನ ಒಂದೇ ಸಾಲಲ್ಲಿ ಮುಗಿಸಿದೀರ! ಉತ್ತರ ಅಮೆರಿಕದ ಮೂಲನಿವಾಸಿಗಳ ಇರೊಕ್ವಾ ಒಕ್ಕೂಟದಲ್ಲಿ ಮುಖಂಡ ಗಂಡಸೇ, ಆದ್ರೆ ಅವನನ್ನ ಆರಿಸೋದು ಕುಲದ ತಾಯಿ, ಅವನು ದಾರಿ ತಪ್ಪಿದ್ರೆ ಎಚ್ಚರಿಕೆ ಕೊಡ್ತಾಳೆ, ಆಮೇಲೂ ಕೇಳ್ಲಿಲ್ಲ ಅಂದ್ರೆ ಕೆಳಗಿಳಿಸ್ತಾಳೆ. ಅಧಿಕಾರದ ಗುರುತು ಜಿಂಕೆ ಕೊಂಬು, ಅದನ್ನ ವಾಪಸ್ ಕಿತ್ಕೊಳ್ಳೋದು ಅವಳೇ (ನಿಂಗೇನ್ ಕೊಂಬಿದ್ಯಾ ಅಂತ ಬೈತೀವಲ್ಲ, ಇವ್ರಿಗೆ ನಿಜವಾಗ್ಲೂ ಇತ್ತು). ಇಲ್ಲಿ ಆಳೋದು ಅಂದ್ರೆ ಏನು, ಕುರ್ಚಿ ಮೇಲೆ ಕೂರೋದಾ ಇಲ್ಲಾ ಕೂರಿಸಿ ಎಬ್ಬಿಸೋದಾ? ಲೇಖನ ಇಲ್ಲಿಂದ್ಲೇ ಶುರುವಾಗ್ಲಿ.

'ಆದಿಕಾಲದಲ್ಲಿ ಇಡೀ ಪ್ರಪಂಚ ಹೆಣ್ಣಿನ ಕೈಲಿತ್ತು ಅಂತ ಸಾಬೀತಾಗಿದೆ' ಅನ್ನೋದನ್ನ ತೆಗೀರಿ. 1861ರಲ್ಲಿ ಬಾಖೋಫೆನ್ ಅನ್ನೋ ಸ್ವಿಸ್ ವಿದ್ವಾಂಸ ಹಳೇ ಪುರಾಣಗಳನ್ನ ಓದಿ ಕಟ್ಟಿದ ವಾದ ಅದು, ಆಮೇಲಿನ ಮಾನವಶಾಸ್ತ್ರಜ್ಞರಲ್ಲಿ ಹೆಚ್ಚಿನೋರು ಒಪ್ಪಿಲ್ಲ. ಚೀನಾದ ಮೊಸುವೋ ಜನಾಂಗದ ಪ್ಯಾರಾ ಟೂರಿಸ್ಟ್ ಗೈಡ್ ಬಾಯಲ್ಲಿ ಕೇಳ್ದಂಗಿದೆ, ಹೆಣ್ಣಿನ ಮನೆಗೆ ರಾತ್ರಿ ಬಂದು ಬೆಳಿಗ್ಗೆ ಹೋಗೋ ಗಂಡಸಿನ ಬಗ್ಗೆನೇ ಅಷ್ಟುದ್ದ ಬರ್ದಿದೀರ, ಅದೇ ಗಂಡಸು ಅವ್ನ ತಾಯಿ ಮನೇಲಿ ಅಕ್ಕತಂಗೀರ ಮಕ್ಕಳನ್ನ ಸಾಕೋದನ್ನ ಬಿಟ್ಟೇಬಿಟ್ಟಿದೀರ. ಅದನ್ನ ಸೇರ್ಸಿ, ಹೆಡ್ಡಿಂಗ್ ಬೇರೆ ಕೊಡಿ, ಇನ್ನೊಂದ್ಸಲ ಕಳ್ಸಿ, ನಾನೇ ಓದ್ತೀನಿ.